ಕುರಿ ಕಾಯುವವರ ಗುರಿ ಕಾಯುವಾಕೆ

ಮುಂದೆ ಬರೆದಿರುವುದೆಲ್ಲ ನಡೆದದ್ದು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ; ಇಲ್ಲವಾದರೆ ಅರ್ಧ ದಾರಿಯಲ್ಲಿ ಪುರವಣಿ ಮಡಚಿಟ್ಟು "ಈ ಮನುಷ್ಯನಿಗೆ ಕುಮಿಸ್ ನೆತ್ತಿಗೇರಿದೆ" ಅನ್ನುತ್ತೀರಿ. ಏರಿದ್ದೂ ನಿಜ. ಆದರೆ ಅದು ಮಧ್ಯಾಹ್ನದ ಮೇಲೆ. ನಾನು ಮೊದಲ ಸಲ ಬೆಚ್ಚಿಬಿದ್ದದ್ದು ಬೆಳಗಿನ ಜಾವ, ಖಾಲಿ ಹೊಟ್ಟೆಯಲ್ಲಿ.

ತಾಶ್-ಬುಲಾಕ್ ಹುಲ್ಲುಗಾವಲಿಗೆ ಇನ್ನೂ ಬಿಸಿಲು ಇಳಿದಿಲ್ಲ. ಜೂನ್ ತಿಂಗಳಾದರೂ ಹುಲ್ಲಿನ ತುದಿಯಲ್ಲಿ ಇಬ್ಬನಿ ಗಟ್ಟಿಯಾಗಿ ಕೂತಿದೆ. ಗಾಲಿ ಕಳೆದುಕೊಂಡ ಹಳೇ ತಗಡಿನ ಬಂಡಿಮನೆಯ ಮುಂದೆ ಉಮ್ಸುನೈ ಅಕ್ಕ ಕುಮಿಸ್ ಕಡೆಯುತ್ತಿದ್ದಾರೆ. ತೊಗಲಿನ ದೊಡ್ಡ ಚೀಲದಲ್ಲಿ ಹುಳಿತು ಅಮಲೇರುವ ಹೆಣ್ಣುಕುದುರೆಯ ಹಾಲು, ಅದರೊಳಗೆ ಎದೆಯೆತ್ತರದ ಮರದ ಕಡೆಗೋಲು. ನಮ್ಮ ಕಡೆ ಕಡೆಯುವುದೆಂದರೆ ತಿರುಗಿಸುವುದಲ್ಲ, ಕುಟ್ಟುವುದು. ಧಡ್, ಧಡ್, ಧಡ್. ಇದರಲ್ಲಿ ವಿಶೇಷವಿಲ್ಲ, ಬೇಸಿಗೆಯಲ್ಲಿ ಪ್ರತಿ ಗುಡಾರದ ಮುಂದೆಯೂ ಇದೇ ಸದ್ದು. ವಿಶೇಷ ಇರುವುದು ಕಡೆಗೋಲಿನ ಮೇಲ್ತುದಿಯಲ್ಲಿ. ಅಲ್ಲೊಂದು ಉಣ್ಣೆಯ ಕಾಲುಚೀಲವನ್ನು ತೊಗಲಿನ ಪಟ್ಟಿಯಿಂದ ಬಿಗಿದು ಕಟ್ಟಿದೆ. ಕಾಲುಚೀಲದೊಳಗೆ ಕಾಲಿಲ್ಲ. ಬಂದೂಕಿನ ಬೆನ್ನ ಮೇಲೆ ಕೂರಿಸುವ ದುರ್ಬೀನು ಇದೆ. ಪೇಟೆಯಿಂದ ಬಂದು ತಿಂಗಳಾಗಿಲ್ಲ, ಥಳಥಳ ಹೊಳೆಯುವ ಗಾಜಿನ ವಸ್ತು!

"ಅಕ್ಕಾ, ಒಡೆದುಹೋಗುತ್ತೆ!" ಎಂದು ನಾನು ಕಿರುಚುತ್ತೇನೆ.

"ಒಡೀಲಿ ಅಂತಾನೇ ಕುಟ್ತಿರೋದು." ಕಡೆಗೋಲು ನಿಲ್ಲುವುದಿಲ್ಲ. "ಇಲ್ಲಿ ಒಡೆದ್ರೆ ಅಂಗಡಿಗೆ ವಾಪಸ್ಸು. ಗುಡ್ಡದ ಮೇಲೆ ಒಡೆದ್ರೆ ಕುರಿ ತೋಳಕ್ಕೆ. ಎಲ್ಲಿ ಒಡೀಬೇಕು, ನೀನೇ ಹೇಳು."

ಕುಟ್ಟಿ ಮುಗಿದ ಮೇಲೆ ಆಕೆ ಕಾಲುಚೀಲ ಬಿಚ್ಚಿ, ದುರ್ಬೀನನ್ನು ಕಿಟಕಿಯ ಮುಂದಿನ ಮರದ ದಿಮ್ಮಿಯ ಮೇಲೆ ಇಡುತ್ತಾರೆ. ದಿಮ್ಮಿಯಲ್ಲಿ ಎರಡು ಕಚ್ಚು. ದುರ್ಬೀನು ಅದರೊಳಗೆ ತೊಟ್ಟಿಲ ಮಗುವಿನಂತೆ ಕೂರುತ್ತದೆ, ಅಲುಗುವುದಿಲ್ಲ. ಕುಟ್ಟುವ ಮೊದಲೂ ಹೀಗೇ ಇಟ್ಟು, ಒಳಗಿನ ಅಡ್ಡಗೆರೆ ಉದ್ದಗೆರೆ ಕೂಡುವ ಜಾಗವನ್ನು ಎದುರು ಬೆಟ್ಟದ ಒಂದು ಬಂಡೆಯ ಮೂಗಿಗೆ ಹೊಂದಿಸಿದ್ದರು. ಗೆರೆ ಈಗಲೂ ಮೂಗಿನ ಮೇಲೇ ಇದ್ದರೆ ಪಾಸು. ನಾನು ಕಣ್ಣಿಟ್ಟು ನೋಡುತ್ತೇನೆ. ಗೆರೆ ಬಂಡೆಯನ್ನು ಬಿಟ್ಟು, ಪಕ್ಕದಲ್ಲಿ ಮೇಯುತ್ತಿರುವ ಯಾರದೋ ಹಸುವಿನ ಹಿಂಭಾಗದ ಮೇಲೆ ಹೋಗಿ ಕೂತಿದೆ.

"ಮಿಲಿಟರಿ ಗಟ್ಟಿ ಅಂದನಂತೆ ಅಂಗಡಿಯವನು," ಉಮ್ಸುನೈ ರುಚಿ ನೋಡಲೆಂದು ಬಟ್ಟಲಿಗೆ ಒಂದು ಗುಟುಕು ಕುಮಿಸ್ ಸುರಿಯುತ್ತಾ ಹೇಳುತ್ತಾರೆ. "ನನ್ನ ಕುಮಿಸ್ಸೇ ಇದಕ್ಕಿಂತ ಗಟ್ಟಿ. ಕುಡಿ."

ನಮ್ಮ ಕುರಿಗಾಹಿಗಳ ಕೈಯಲ್ಲಿರುವುದು ಹೆಚ್ಚಾಗಿ ಮೋಸಿನ್ ಬಂದೂಕು. ಮೋಸ ಹೆಸರಿನಲ್ಲಿ ಮಾತ್ರ, ಗುಂಡಿನಲ್ಲಿಲ್ಲ. ಅಜ್ಜಂದಿರ ಕಾಲದ ಸೈನ್ಯದ್ದು, ಉದ್ದನೆಯ ಮೂತಿ, ಕತ್ತೆಯ ಒದೆತ. ಬಂದೂಕು ಮುಪ್ಪಾಗುವುದಿಲ್ಲ, ಹಿಡಿದವನ ಕಣ್ಣು ಮುಪ್ಪಾಗುತ್ತದೆ. ನಳಿಗೆಯ ತುದಿಯಲ್ಲಿ ಗುರಿ ನೋಡುವ ಕಬ್ಬಿಣದ ಮೊಳೆ ಮಸುಕಾಗಿ ಎರಡಾಗಿ ಕಂಡಾಗ ದುರ್ಬೀನು ಬೇಕಾಗುತ್ತದೆ. ಅಗ್ಗದ್ದನ್ನು ಕೂರಿಸಿದರೆ ನಾಲ್ಕೇ ಒದೆತಕ್ಕೆ ಒಳಗಿನ ಗಾಜು ಸಡಿಲವಾಗುತ್ತದೆ. ಒಳ್ಳೆಯದನ್ನು ಕೊಳ್ಳಬೇಕಾದರೆ ಕುದುರೆ ಮಾರಬೇಕು. ತೋಳದಿಂದ ಕುದುರೆ ಉಳಿಸಿಕೊಳ್ಳಲು ಕುದುರೆಯನ್ನೇ ಮಾರುವುದು ಯಾವ ನ್ಯಾಯ? ಈ ಎರಡರ ನಡುವೆ, ಒಂದು ಕುರಿಯ ಬೆಲೆಯೊಳಗೆ ಸಿಗುವ, ಮೊಮ್ಮಗನ ಕಾಲಕ್ಕೂ ಬಾಳುವ ದುರ್ಬೀನನ್ನು ಹುಡುಕಿ ಕೊಡುವುದೇ ಉಮ್ಸುನೈ ಅವರ ಉದ್ಯೋಗ. ಒಂದು ಬೇಸಿಗೆಗೆ ಮೂವತ್ತು ನಲವತ್ತು ಬಂದೂಕುಗಳು ಆಕೆಯ ಬಂಡಿಮನೆಗೆ ಬರುತ್ತವೆ. ಕುಟ್ಟಿದ ದುರ್ಬೀನುಗಳಲ್ಲಿ ಉಳಿಯುವುದು ಐದರಲ್ಲಿ ಒಂದು.

ನಾರಿನ್ ಪೇಟೆಯಲ್ಲಿ ದುರ್ಬೀನು ಮಾರುವವನನ್ನೂ ಕಂಡು ಬಂದಿದ್ದೇನೆ. ಆತ ಬಾಯಿಯನ್ನು ಊಟಕ್ಕೆ ಮೀಸಲಿಟ್ಟು ಮೂಗಿನಿಂದ ಮಾತಾಡುವವನು. "ಅಂಣ್ಣಾ, ಆ ಹೆಂಗ್ಸಿನ ಕೈಗೆ ದುರ್ಬೀಂನು ಹೋಯ್ತು ಅಂದ್ರೆ ಮಗಳಂನ್ನ ಕೆಟ್ಟ ಅತ್ತೆ ಮಂನೆಗೆ ಕಳ್ಸಿದ ಹಾಗೆ. ವಾರದೊಳಗೆ ಅಳ್ತಾ ವಾಪಸ್ ಬರುತ್ತೆ." ಹಾಗಿದ್ದರೆ ಯಾಕೆ ವಾಪಸ್ ತೆಗೆದುಕೊಳ್ಳುತ್ತೀಯ ಅಂದೆ. "ವಾಪಸ್ ಬರದೇ ಇದ್ದ ಜಾತಿಯಂನ್ನ ಎದೆ ತಟ್ಕೊಂಡು ಮಾರ್ತೀಂನಲ್ಲ! 'ಉಮ್ಸುಂನೈ ಕುಟ್ಟಿದ್ದು' ಅಂದ್ರೆ ಜಂನ ಬಾಯಿ ಮುಚ್ಕೊಂಡು ತಗೋತಾರೆ."

ಆಯ್ಕೆಯ ಗುಟ್ಟೇನು ಎಂದು ಕೇಳಿದರೆ ಉಮ್ಸುನೈ ಗುಟ್ಟು ಮಾಡುವುದಿಲ್ಲ.

"ದೊಡ್ಡ ಕಣ್ಣಿಂದು ಬೇಡ, ಭಾರ. ಶಕ್ತಿ ಹೆಚ್ಚು ಕಡಿಮೆ ಮಾಡೋಕೆ ತಿರುಗಿಸೋ ಬಳೆ ಇರುತ್ತಲ್ಲ, ಅದೂ ಬೇಡ. ತಿರುಗೋದೆಲ್ಲ ಒಂದಿನ ಸಡಿಲ ಆಗುತ್ತೆ, ಗಂಡಸರೂ ಸೇರಿ. ನಾಲ್ಕು ಪಟ್ಟು ಹತ್ತಿರ ತಂದ್ರೆ ಸಾಕು, ತೋಳದ ಮೀಸೆ ಎಣಿಸ್ಬೇಕಾ ನಿಂಗೆ? ಒಳಗೆ ಕೆಂಪು ದೀಪ, ಹಸಿರು ದೀಪ ಇರೋದು ಮದುವೆಮನೆಗೆ ಚೆನ್ನ."

ಕುಟ್ಟುವುದರಲ್ಲಿ ಪಾಸಾದದ್ದಕ್ಕೆ ಸ್ನಾನವೂ ಉಂಟು. ಕೈತೊಳೆಯುವ ಹೂಜಿಯ ಬಿಸಿನೀರಿನಲ್ಲಿ ದುರ್ಬೀನನ್ನು ಮುಳುಗಿಸಿ ಹಿಡಿಯುತ್ತಾರೆ. ಗುಳ್ಳೆ ಎದ್ದರೆ ಅದಕ್ಕೆ ರಜೆ. "ಉಸಿರಾಡೋ ದುರ್ಬೀನು ಬೇಡಪ್ಪ. ಇವತ್ತು ಗಾಳಿ ಬಿಡುತ್ತೆ, ನಾಳೆ ಮಂಜು ಎಳ್ಕೊಳ್ಳುತ್ತೆ." ಇಷ್ಟೆಲ್ಲ ಗೆದ್ದು ಬಂದ ದುರ್ಬೀನನ್ನೂ ಕೊಲ್ಲುವ ಒಂದು ಭಕ್ತಿ ನಮ್ಮಲ್ಲಿದೆ. ಅಪ್ಪನ ಬಂದೂಕು ಎಂದು ಅದನ್ನು ಗುಡಾರದ ಗೌರವದ ಜಾಗದಲ್ಲಿ, ಒಲೆಯ ಹಿಂದೆ, ಮಾಂಸ ಬೇಯುವ ಹಂಡೆಯ ಎದುರಿಗೇ ನೇತುಹಾಕುತ್ತೇವೆ. ಹಬೆ ಕುಡಿದು ಕುಡಿದು ದುರ್ಬೀನು ಒಳಗೇ ಬೆವರುತ್ತದೆ. ಬಾಗಿಲ ಹತ್ತಿರ, ತಣ್ಣಗಿರುವ ಕಡೆ ನೇತುಹಾಕಿ ಎಂದರೆ ಮುದುಕರು ಕೆಂಡವಾಗುತ್ತಾರೆ. "ಚಪ್ಪಲಿ ಬಿಡೋ ಜಾಗದಲ್ಲಿ ನಮ್ಮಪ್ಪನ ಬಂದೂಕಾ?" ಉಮ್ಸುನೈ ಅವರ ಉತ್ತರ ಸಿದ್ಧವಾಗಿದೆ: "ನಿಮ್ಮಪ್ಪ ಇದ್ದಿದ್ರೆ ಎಲ್ಲಿ ನಿಲ್ತಿದ್ದ? ತೋಳ ಬರೋ ಬಾಗಿಲಲ್ಲಿ ತಾನೆ?"

ಆಕೆ ಈ ಕೆಲಸಕ್ಕೆ ಬಂದದ್ದು ಕನ್ನಡಕದ ದಾರಿಯಿಂದ. ಹರೆಯದಲ್ಲಿ ಅತ್-ಬಾಶಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದರು. ಸೋವಿಯತ್ ಒಕ್ಕೂಟ ಒಡೆದಾಗ ಅಂಗಡಿ ಮುಚ್ಚಿತು. ಅರಣ್ಯ ಕಾವಲುಗಾರನಾಗಿದ್ದ ಗಂಡ ಒಂದು ಮಾರ್ಚ್ ತಿಂಗಳಲ್ಲಿ ಜಾರಿದ ಹಿಮದ ಕೆಳಗೆ ಹೋದವನು ಮೇ ತಿಂಗಳಲ್ಲಿ ಸಿಕ್ಕಿದ. ಇಬ್ಬರು ಹೆಣ್ಣುಮಕ್ಕಳು. ಬಸ್ ನಿಲ್ದಾಣದಲ್ಲಿ ಬೇಯಿಸಿದ ಮೊಟ್ಟೆ ಮಾರಿದರು, ಕಾಲುಚೀಲ ಹೆಣೆದರು. ಒಮ್ಮೆ ನೆರೆಯವನ ದುರ್ಬೀನಿನಲ್ಲಿ ಮಂಜು ಕಟ್ಟಿದ್ದನ್ನು ಬಿಚ್ಚಿ ಒರೆಸಿ ಕೊಟ್ಟರು. ಆಗ ಊರು ಎದ್ದು ನಿಂತಿತು. ಹೆಂಗಸು ಬಂದೂಕನ್ನು ದಾಟಿದರೆ ಬೇಟೆ ಸಿಗುವುದಿಲ್ಲ ಎಂಬುದು ನಮ್ಮವರ ನಂಬಿಕೆ.

"ನಾನು ದಾಟಲ್ಲಪ್ಪ, ಬಿಚ್ಚೋದು ಅಷ್ಟೇ ಅಂದೆ," ಎಂದು ನಗುತ್ತಾರೆ. "ಬಿಚ್ಚೋದಕ್ಕೆ ಯಾವ ಶಾಪಾನೂ ಇರ್ಲಿಲ್ಲ. ಯಾರೂ ಯೋಚ್ನೆ ಮಾಡಿರ್ಲಿಲ್ಲ ಪಾಪ."

ಈ ಬೆಳಗಿನ ದುರ್ಬೀನಿನ ಯಜಮಾನರು ಶಾರ್ಶೆನ್. ಇಡೀ ಊರಿನ ಕುರಿಗಳನ್ನು ಈ ಹುಲ್ಲುಗಾವಲಿನಲ್ಲಿ ಮೇಯಿಸುವವರು. ಉಮ್ಸುನೈಗೂ ಅವರಿಗೂ ಒಂದೇ ವಯಸ್ಸು, ಒಂದೇ ವರ್ಷ ಹುಟ್ಟಿದ ಜೊತೆಗಾರರು. ನಮ್ಮ ಮಾತಿನಲ್ಲಿ ಕುರ್ದಾಶ್. ಕುರ್ದಾಶ್‌ಗಳು ಒಬ್ಬರಿಗೊಬ್ಬರು ಯಾವ ಕೀಟಲೆ ಬೇಕಾದರೂ ಮಾಡಬಹುದು. ಕೋಪ ಮಾಡಿಕೊಂಡವರೇ ಸೋತಂತೆ. ಕಳೆದ ವರ್ಷ ಶಾರ್ಶೆನ್ ಆಕೆಯ ಬಂಡಿಮನೆಯ ಹೊಗೆಕೊಳವೆಗೆ ಟೋಪಿ ತುರುಕಿದ್ದರು. ಅಂದು ಕೆಮ್ಮುತ್ತಾ ಹೊರಗೆ ಬಂದ ಉಮ್ಸುನೈ, "ಟೋಪಿ ಹಾಕಿದ್ದಕ್ಕೆ ಸಂತೋಷ" ಅಂದಿದ್ದರು, ಅಷ್ಟೇ.

ಆದರೆ ಈ ವಸಂತದಲ್ಲಿ ಶಾರ್ಶೆನ್‌ಗೆ ನಗುವ ಕಾಲವಲ್ಲ. ತೋಳ ಹಾಡಹಗಲೇ ಎರಡು ಸಲ ಮಂದೆಗೆ ನುಗ್ಗಿದೆ. ಎರಡನೆಯ ಸಲ ಅದು ಕಲ್ಲೆಸೆದರೂ ತಗಲುವಷ್ಟು ಹತ್ತಿರ ನಿಂತಿತ್ತು. ಶಾರ್ಶೆನ್ ಗುಂಡು ಹಾರಿಸಿದರು, ತೋಳ ಕುರಿ ಕಚ್ಚಿಕೊಂಡು ನಡೆದು ಹೋಯಿತು. ಓಡಲೂ ಇಲ್ಲ, ನಡೆದು ಹೋಯಿತು. ಅಂದಿನಿಂದ ಊರಲ್ಲಿ ಒಂದೇ ಮಾತು: ಶಾರ್ಶೆನ್ ಕಣ್ಣು ಹೋಗಿದೆ, ಹೇಳಿಕೊಳ್ಳುತ್ತಿಲ್ಲ. ಕುರಿ ಕೊಟ್ಟ ಮನೆಗಳವರು ಇವತ್ತು ಮಧ್ಯಾಹ್ನ ಇಲ್ಲಿಗೆ ಬರುತ್ತಿದ್ದಾರೆ. ಹೆಸರಿಗೆ ಉಮ್ಸುನೈ ಮನೆಯ ಹೊಸ ಕುಮಿಸ್‌ನ ಮೊದಲ ಬಟ್ಟಲಿಗೆ. ಅಸಲಿಗೆ, ಮಂದೆಯನ್ನು ಶಾರ್ಶೆನ್ ಕೈಯಲ್ಲಿ ಬಿಡುವುದೋ, ಇನ್ನೊಬ್ಬರಿಗೆ ಒಪ್ಪಿಸುವುದೋ ತೀರ್ಮಾನಿಸಲು. ಮಂದೆ ಹೋದರೆ ಆ ಮನುಷ್ಯನಿಗೆ ಉಳಿಯುವುದು ಒಂದು ಕುದುರೆ ಮತ್ತು ಒಂದು ಬಿರುದು: ಕುರುಡ.

ಬಿಸಿಲು ಏರುವ ಹೊತ್ತಿಗೆ ಶಾರ್ಶೆನ್ ಕುದುರೆಯಿಂದ ಇಳಿಯುತ್ತಾರೆ. ಬೆನ್ನಿನಲ್ಲಿ ಅಪ್ಪನ ಬಂದೂಕು, ಬಲಗಣ್ಣಿನ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ. ದುರ್ಬೀನು ಒದೆತಕ್ಕೆ ಹಿಂದೆ ಬಂದು ಕಚ್ಚಿದ ಗುರುತು.

"ಏನಮ್ಮಾ ಮುದುಕಿ, ಕುಟ್ಟಿದ್ಯಾ?"

"ಕುಟ್ಟಿದೆ ಕಣೋ ಮುದುಕಾ. ಗೆರೆ ಬಂಡೆಯಿಂದ ಹಸು ಬುಡಕ್ಕೆ ಹೋಗಿದೆ."

"ನೋಡಿದ್ಯಾ! ನೋಡಿದ್ಯಾ!" ಶಾರ್ಶೆನ್ ಅಲ್ಲೇ ಒಂದು ಸುತ್ತು ಕುಣಿಯುತ್ತಾರೆ. "ನಾನೇನು ಬಡ್ಕೊಂಡೆ? ನನ್ನ ಕಣ್ಣಲ್ಲ, ದುರ್ಬೀನೇ ಕಳ್ಳ ಅಂತ. ಹುಬ್ಬು ಬೇರೆ ಕಚ್ತು ನಾಯಿ."

ಉಮ್ಸುನೈ ಪೆಟ್ಟಿಗೆಯಿಂದ ಒಂದು ಸಣ್ಣ ದುರ್ಬೀನು ತೆಗೆಯುತ್ತಾರೆ. ಹಳೆಯದು, ಉಕ್ಕಿನದು, ಬಣ್ಣ ಹೋದದ್ದು, ತಿರುಗಿಸುವ ಬಳೆಯಿಲ್ಲದ್ದು. ಎರಡು ಬೇಸಿಗೆ ಕಡೆಗೋಲಿನ ಮೇಲೆ ಕೂತು ಕುಣಿದರೂ ಕೂದಲೆಳೆ ಜರುಗದ್ದು.

"ಇದಾ? ಕುರಿ ಮೊಣಕಾಲಿನ ಮೂಳೆ ಇದ್ದ ಹಾಗಿದೆ."

"ಮೂಳೆ ಮುರಿಯಲ್ಲ. ನಿನ್ನ ಹೊಳಪಿಂದು ಮುರೀತು."

ಬಂದೂಕಿನ ಬದಿಯಲ್ಲಿ ಉಕ್ಕಿನ ಪಟ್ಟಿ ಕೂರಿಸಿ, ಗುಂಡು ತುಂಬುವ ಹಿಡಿಗೆ ತಾಗದಂತೆ ಎತ್ತರ ನೋಡಿ, ಉಮ್ಸುನೈ ದುರ್ಬೀನನ್ನು ಬಿಗಿಯುತ್ತಾರೆ. ಶಾರ್ಶೆನ್ ಕುದುರೆಗೆ ನೀರು ಕುಡಿಸಲು ಹೋಗಿದ್ದಾರೆ. ಆಗ ಆಕೆ ಮಾಡುವುದನ್ನು ನೋಡಿ ನಾನು ಎರಡನೆಯ ಸಲ ಬೆಚ್ಚಿಬೀಳುತ್ತೇನೆ. ಕುರಿಬಾಲದ ಕೊಬ್ಬನ್ನು ಬೆರಳಲ್ಲಿ ತೆಗೆದು, ಕೆಟಲಿನ ತಳದ ಮಸಿಗೆ ಒರೆಸಿ, ಆ ಕಾಡಿಗೆಯನ್ನು ದುರ್ಬೀನಿನಲ್ಲಿ ಕಣ್ಣಿಡುವ ತುದಿಯ ಅಂಚಿಗೆ ಸುತ್ತಲೂ ಬಳಿಯುತ್ತಿದ್ದಾರೆ.

"ಅಕ್ಕಾ! ಕೀಟಲೆ ಇವತ್ತಾ? ಇವತ್ತು ಬೇಡ. ಆತನ ಮರ್ಯಾದೆ ತೂಕಕ್ಕೆ ಬೀಳೋ ದಿನ!"

"ಅದಕ್ಕೇ ಇವತ್ತೇ." ಆಕೆ ದನಿ ತಗ್ಗಿಸುತ್ತಾರೆ. "ಗೆರೆ ಇಷ್ಟು ಜರುಗಿದ್ರೂ ಅಷ್ಟು ಹತ್ತಿರದ ತೋಳಕ್ಕೆ ಎಲ್ಲಾದ್ರೂ ತಗಲಲೇಬೇಕಿತ್ತು. ಬಾಲಕ್ಕಾದ್ರೂ. ದುರ್ಬೀನು ಕಳ್ಳ, ಒಪ್ದೆ. ಆದ್ರೆ ಮನೇಲಿ ಇನ್ನೊಬ್ಬ ಕಳ್ಳ ಇದ್ದಾನೆ."

"ಹಾಗಾದ್ರೆ ನೇರವಾಗಿ ಕೇಳಿ."

"ಏನಂತ? ಗಂಡಸನ್ನ 'ಹೆದರ್ತೀಯಾ' ಅಂತ ಕೇಳಿದ್ರೆ ಉತ್ತರ ಬರಲ್ಲ. ಕುದುರೆ ಹತ್ಕೊಂಡು ಹೋಗ್ತಾನೆ. ಎಲ್ರ ಮುಂದೆ ಕುರುಡ ಅನ್ನಿಸ್ಕೊಂಡಿದ್ದಾನೆ. ಕುರುಡ ಅಲ್ಲ ಅಂತ ಅನ್ನಿಸ್ಕೊಳ್ಳೋದೂ ಎಲ್ರ ಮುಂದೇನೇ ಆಗ್ಬೇಕು."

ಬಂದೂಕಿನ ಹಿಡಿ ಎಳೆದು, ಒಳಗೆ ಗುಂಡಿಲ್ಲವೆಂದು ಕಿರುಬೆರಳು ಹಾಕಿ ನೋಡುತ್ತಾರೆ. ಮತ್ತೊಮ್ಮೆ ನೋಡುತ್ತಾರೆ. ಶಾರ್ಶೆನ್ ಬಂದ ಕೂಡಲೇ ಕೈಗಿಡುತ್ತಾರೆ. "ಖಾಲಿ ಇದೆ, ಆದ್ರೆ ತುಂಬಿದೆ ಅಂದ್ಕೋ. ಅಲ್ಲಿ ಕುರಿ ನೆಕ್ಕೋ ಉಪ್ಪಿನಕಲ್ಲು ಕಾಣ್ತಿದ್ಯಾ? ಅದೇ ತೋಳ. ಹೊಡಿ."

ಶಾರ್ಶೆನ್ ಮಂಡಿಯೂರಿ ಬಂದೂಕನ್ನು ಹೆಗಲಿಗೆ ಒತ್ತಿ ಹಿಡಿಯುತ್ತಾರೆ. ಟಕ್. "ಹೊಳೆಯೋ ಹಾಗೆ ಕಾಣ್ತಿದೆ ಕಣೇ!" ಎನ್ನುತ್ತಾ ಎದ್ದಾಗ ನಾನು ನಾಲಿಗೆ ಕಚ್ಚಿಕೊಳ್ಳುತ್ತೇನೆ. ಬಲಗಣ್ಣಿನ ಸುತ್ತ ಹುಬ್ಬಿನಿಂದ ಕೆನ್ನೆಯವರೆಗೆ ಕಪ್ಪು ಬಳೆ. ಆತನಿಗೆ ಗೊತ್ತಿಲ್ಲ. ಅಷ್ಟರಲ್ಲಿ ಕಣಿವೆಯ ಕೆಳಗಿಂದ ಕುದುರೆಗಳ ಸದ್ದು. ಊರಿನವರು ಬಂದೇಬಿಟ್ಟರು.

ಹಿರಿಯ ಮೊಲ್ಡಾಲಿ ಅಜ್ಜನನ್ನು ಕುದುರೆಯಿಂದ ಇಳಿಸಿದ್ದು ಶಾರ್ಶೆನ್ ಅವರೇ. ಅಜ್ಜ ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡುತ್ತಾರೆ, ಆಚೆ ಉಮ್ಸುನೈಯನ್ನು ನೋಡುತ್ತಾರೆ. ಆಕೆ ಕುಮಿಸ್ ಕಲಕುತ್ತಿದ್ದಾರೆ, ಮುಖದಲ್ಲಿ ಏನೂ ಇಲ್ಲ. ಕುರ್ದಾಶ್‌ಗಳ ನಡುವೆ ಮೂರನೆಯವರು ಬಾಯಿ ಹಾಕುವಂತಿಲ್ಲ. ಅಜ್ಜ ಗಡ್ಡ ಸವರಿಕೊಂಡು ಕಂಬಳಿಯ ಮೇಲೆ ಕೂರುತ್ತಾರೆ. ಅವರ ಹಿಂದೆ ಬಂದ ಇಡೀ ಊರು ಸಾಲಾಗಿ ಬೆಚ್ಚಿ, ಸಾಲಾಗಿ ಕೂರುತ್ತದೆ. ಶಾರ್ಶೆನ್ ಅವರ ಹೆಂಡತಿ ಬುರುಲ್ ಬ್ರೆಡ್ಡಿನ ತಟ್ಟೆ ಹಿಡಿದು ಬಂದವರು ಗಂಡನನ್ನು ನೋಡಿ, ತಟ್ಟೆಯ ಜೊತೆ ಹಾಗೇ ಹಿಂದಕ್ಕೆ ನಡೆಯುತ್ತಾರೆ.

ಹೊಸ ಕುಮಿಸ್‌ನ ಮೊದಲ ಬಟ್ಟಲು ಸುತ್ತುತ್ತದೆ. ಆಶೀರ್ವಾದ ಆಗುತ್ತದೆ. ಎರಡನೆಯ ಬಟ್ಟಲು, ಮೂರನೆಯದು. ಕೊನೆಗೆ ಮೊಲ್ಡಾಲಿ ಅಜ್ಜ ಮಾತಿಗೆ ಇಳಿಯುತ್ತಾರೆ. ಅವರ ಒಂದೊಂದು ಮಾತಿನ ಮುಂದೆಯೂ ಒಂದು ನಿಟ್ಟುಸಿರು ನಡೆದು ಹೋಗುತ್ತದೆ.

"ಹೂಂಂ... ಶಾರ್ಶೆನ್. ಹೂಂಂ... ಮಗಾ. ನಿನ್ನ ಕಣ್ಣಿನ ವಿಷಯ... ಹೂಂಂ... ಏನಪ್ಪಾ ಅದು?"

ಶಾರ್ಶೆನ್ ಇದಕ್ಕೇ ಕಾಯುತ್ತಿದ್ದವರು. ಎದ್ದು ನಿಂತು ಟೋಪಿ ಸರಿಮಾಡಿಕೊಳ್ಳುತ್ತಾರೆ.

"ಹಿರಿಯರೇ! ನನ್ನ ಕಣ್ಣು ನೋಡಿ. ಎಲ್ರೂ ನೋಡಿ ಅಂತೀನಿ! ಇದ್ರಲ್ಲಿ ಏನು ಕೊರತೆ ಕಾಣ್ತಿ‌ದೆ ನಿಮಗೆ?"

ಯಾರಿಗೂ ಕೊರತೆ ಕಾಣಲಿಲ್ಲ. ಬೇಕಾದದ್ದಕ್ಕಿಂತ ಹೆಚ್ಚೇ ಕಂಡಿತು.

"ಈ ಕಣ್ಣು ಯಾವತ್ತೂ ಏನನ್ನೂ ಮುಚ್ಚಿಟ್ಟಿಲ್ಲ. ನಮ್ಮಪ್ಪ ಇದೇ ಬಂದೂಕು ಹಿಡಿದಾಗ ಜನ ಅವನ ಮುಖ ನೋಡಿ ತಲೆ ಎತ್ತಿ ನಡೀತಿದ್ರು. ನೀವು ನನ್ನ ಮುಖ ನೋಡಿ ತಲೆ ತಗ್ಗಿಸ್ತಿದ್ದೀರಿ!"

ನಿಜ. ಎಲ್ಲರೂ ತಲೆ ತಗ್ಗಿಸಿದ್ದಾರೆ. ಊರಿನ ಸೊಸೆಯಂದಿರು ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಾರೆ, ಭುಜಗಳು ಕುಲುಕುತ್ತಿವೆ. ಇಬ್ಬರು ಗಂಡಸರು ಒಬ್ಬರ ಬೆನ್ನಿಗೊಬ್ಬರು ಮುಖ ಹುದುಗಿಸಿದ್ದಾರೆ. ತನಗಾಗಿ ಊರೇ ಅಳುತ್ತಿದೆ ಎಂದುಕೊಂಡ ಶಾರ್ಶೆನ್ ಎದೆಯ ಮೇಲೆ ಕೈಯಿಡುತ್ತಾರೆ.

"ಅಳಬೇಡ್ರಮ್ಮಾ," ಎನ್ನುತ್ತಾರೆ. "ನಿಮ್ಮ ಕಣ್ಣೀರೇ ನನಗೆ ಸಾಕ್ಷಿ."

ಇದನ್ನು ತಡೆದುಕೊಳ್ಳುವುದು ಮನುಷ್ಯರಿಗೆ ಸಾಧ್ಯವಿಲ್ಲ. ಬುರುಲ್ ಬ್ರೆಡ್ಡನ್ನು ಕಂಬಳಿಗೆ ಸುರಿದು, ಹೊಳೆಯುವ ತಟ್ಟೆಯನ್ನು ಗಂಡನ ಮುಖದ ಮುಂದೆ ಹಿಡಿಯುತ್ತಾರೆ. "ನಿಮ್ಮ ಸಾಕ್ಷೀನ ನೀವೂ ಒಂದ್ಸಲ ನೋಡ್ಕೊಳ್ಳಿ."

ಶಾರ್ಶೆನ್ ನೋಡುತ್ತಾರೆ. ಬೆರಳಿನಿಂದ ಮುಟ್ಟುತ್ತಾರೆ. ಬೆರಳನ್ನು ನೋಡುತ್ತಾರೆ. ಆ ಮುಖದಲ್ಲಿ ಬಣ್ಣ ಉಳಿದಿದ್ದರೆ ಅದು ಮಸಿಯದ್ದು ಮಾತ್ರ.

"ಇವತ್ತೇ ಬೇಕಾಗಿತ್ತೇನೇ ಉಮ್ಸುನೈ?" ದನಿ ಬಹಳ ಸಣ್ಣದು. "ನನ್ನ ಮಂದೆ ಹೋಗೋ ದಿನಾನೇ?"

ಉಮ್ಸುನೈ ಎದ್ದು ಬರುತ್ತಾರೆ. "ನಗ್ಸೋಕಷ್ಟೇ ಮಾಡಿದ್ದಲ್ಲ. ಎಲ್ರೂ ಹತ್ತಿರ ಬನ್ನಿ, ಈ ಬಳೆ ನೋಡಿ. ಪೂರ್ತಿ ಇದ್ಯಾ?"

ಪೂರ್ತಿ ಇಲ್ಲ. ಈಗ ನನಗೂ ಕಾಣುತ್ತದೆ. ಕಪ್ಪು ಬಳೆಯ ನಡುವೆ ಕಣ್ಣಿನ ತುದಿಯಿಂದ ಹೊರಟ ಬಿಳಿ ಬಿಳಿ ಗೀರುಗಳು, ಸೂರ್ಯನ ಕಿರಣದ ಹಾಗೆ.

"ಕಣ್ಣು ಬಿಟ್ಕೊಂಡು ನೋಡಿದವನಿಗೆ ಬಳೆ ಪೂರ್ತಿ ಅಂಟುತ್ತೆ. ಗಟ್ಟಿಯಾಗಿ ಮುಚ್ಕೊಂಡವನ ಮುಖ ನೆರಿಗೆ ಆಗಿರುತ್ತೆ, ನೆರಿಗೆ ಒಳಗೆ ಮಸಿ ಹೋಗಲ್ಲ. ಮುಖ ಬಿಚ್ಚಿದಾಗ ಬಿಳಿ ಗೀರು." ಆಕೆ ಊರಿನವರ ಕಡೆ ತಿರುಗುತ್ತಾರೆ. "ಇವನ ಕಣ್ಣು ಹೋಗಿಲ್ಲ. ಹೊಡೆಯೋ ಹೊತ್ತಿಗೆ ಮುಚ್ಕೋತಾನೆ. ಹೋದ ಕಣ್ಣಿಗೆ ನನ್ನ ಹತ್ರ ಮದ್ದಿಲ್ಲ. ಮುಚ್ಚಿದ ಕಣ್ಣಿಗೆ ಇದೆ."

ಕುರುಡ ಎನ್ನುವುದಕ್ಕಿಂತ ದೊಡ್ಡ ಮಾತನ್ನು ಆಕೆ ಊರ ಮುಂದೆ ಆಡಿಬಿಟ್ಟಿದ್ದಾರೆ. ತೋಳದ ಎದುರು ಕಣ್ಣು ಮುಚ್ಚಿದ ಕಾವಲುಗಾರ! ಶಾರ್ಶೆನ್ ತಿರುಗಿ ತಮ್ಮ ಕುದುರೆಯ ಕಡೆ ನಡೆಯುತ್ತಾರೆ. ಯಾರೋ ಒಬ್ಬರು "ಹೋದ" ಎಂದು ಪಿಸುಗುಟ್ಟುತ್ತಾರೆ. ಉಮ್ಸುನೈ ಮುಖದಲ್ಲಿ ಮೊದಲ ಬಾರಿಗೆ ಅಳುಕು ಕಾಣುತ್ತದೆ.

"ಶಾರ್ಶೆನ್! ತಪ್ಪು ನಿಂದಲ್ಲ ಕಣೋ!" ಆಕೆ ಹಿಂದಿನಿಂದ ಕೂಗುತ್ತಾರೆ. "ಆ ಬಂದೂಕು ಸೈನಿಕರದ್ದು. ದಪ್ಪ ಚಳಿಕೋಟು ಹಾಕಿದವರಿಗೆ ಅಂತ ಹೆಗಲಿಗೆ ಒತ್ತೋ ಹಿಂದಿನ ಮರದ ಭಾಗ ಗಿಡ್ಡ ಮಾಡಿದ್ದಾರೆ. ನೀನು ಬೇಸಿಗೆ ಅಂಗಿ ಹಾಕ್ಕೊಂಡು ಹಿಡಿದ್ರೆ ಮುಖ ಮುಂದೆ ಹೋಗುತ್ತೆ, ದುರ್ಬೀನು ಬಂದು ಹುಬ್ಬು ಒಡೆಯುತ್ತೆ. ಒಂದ್ಸಲ ಒಡೆಸ್ಕೊಂಡವನು ಎರಡನೇ ಸಲ ಕಣ್ಣು ಮುಚ್ಚದೆ ಇರ್ತಾನಾ? ನಾನಾದ್ರೂ ಮುಚ್ತೀನಿ!"

ಶಾರ್ಶೆನ್ ಕುದುರೆಯ ಪಕ್ಕ ನಿಲ್ಲುತ್ತಾರೆ. ಜೀನಿನ ಹಿಂದೆ ಸುರುಳಿ ಕಟ್ಟಿದ್ದ ಕುರಿತೊಗಲಿನ ಚಳಿಕೋಟಿನ ಪಟ್ಟಿಯನ್ನು ಬಿಚ್ಚುತ್ತಾರೆ. ಒಂದು ತೋಳು ತೂರಿಸುತ್ತಾರೆ, ಇನ್ನೊಂದು ತೂರಿಸುತ್ತಾರೆ. ಜೂನ್ ತಿಂಗಳ ಸುಡುಬಿಸಿಲಿನಲ್ಲಿ ಕೊರಳವರೆಗೆ ಗುಂಡಿ ಹಾಕಿಕೊಂಡು ಹಿಂದಕ್ಕೆ ಬರುತ್ತಾರೆ.

"ಹೌದು ಹಿರಿಯರೇ, ಮುಚ್ಚಿದೆ," ಎನ್ನುತ್ತಾರೆ. "ತೋಳಕ್ಕೆ ಹೆದರಿದ್ದಲ್ಲ. ನಮ್ಮಪ್ಪನ ಬಂದೂಕಿಗೆ ಹೆದರಿದೆ. ಹೇಳೋಕೆ ನಾಚಿಕೆ ಆಯ್ತು, ಅದಕ್ಕೇ ಸುಮ್ನಿದ್ದೆ." ಆಮೇಲೆ ಉಮ್ಸುನೈ ಕಡೆ ಕೈ ಚಾಚುತ್ತಾರೆ. "ಕೊಡೇ ಮುದುಕಿ. ಮಸಿ ಸಮೇತ ಕೊಡು."

ಕಣ್ಣಂಚಿಗೆ ಹೊಸ ಮಸಿ ಬೀಳುತ್ತದೆ. ಖಾಲಿ ಬಂದೂಕು, ಉಪ್ಪಿನಕಲ್ಲು. ಟಕ್. ಊರೆಲ್ಲ ಮುಖದ ಹತ್ತಿರ ಬಗ್ಗಿ ನೋಡುತ್ತದೆ. ಹಳೇ ಬಿಳಿ ಗೀರುಗಳು ಹಾಗೇ ಇವೆ, ಹೊಸ ಬಳೆ ಇಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಇಲ್ಲ. ಕೋಟಿನ ದಪ್ಪ ಮುಖವನ್ನು ಅದರ ಜಾಗದಲ್ಲೇ ನಿಲ್ಲಿಸಿದೆ. ಟಕ್ ಎನ್ನುವಾಗ ಕಣ್ಣು ಮಿಟುಕುವುದೂ ಕಡಿಮೆಯಾಗುತ್ತಾ ಬರುತ್ತದೆ. ನಾಲ್ಕನೆಯದರಲ್ಲಿ ಕಣ್ಣು ತೆರೆದೇ ಇದೆ ಎಂದು ಬುರುಲ್ ಕೂಗಿ ಹೇಳುತ್ತಾರೆ.

ಉಮ್ಸುನೈ ದುರ್ಬೀನಿನ ಮಸಿ ಒರೆಸಿ, ಎಲ್ಲರನ್ನೂ ಹಿಂದಕ್ಕೆ ಸರಿಸಿ, ಒಂದು ಗುಂಡು ಕೊಡುತ್ತಾರೆ. ದುರ್ಬೀನಿನ ಗೆರೆಯನ್ನು ಬಂದೂಕಿನ ನಳಿಗೆಗೆ ಹೊಂದಿಸಿ ಆಗಿದೆ. ಉಪ್ಪಿನಕಲ್ಲಿನ ಹಿಂದೆ ಮಣ್ಣಿನ ದಿಬ್ಬ, ಆಚೆ ಯಾರೂ ಇಲ್ಲ. ಶಾರ್ಶೆನ್ ಮಂಡಿಯೂರುತ್ತಾರೆ. ಹಣೆಯಿಂದ ಬೆವರು ಇಳಿದು ಮಸಿಯನ್ನು ಕೆನ್ನೆಯುದ್ದ ಹರಿಸುತ್ತಿದೆ. ಬಂದೂಕು ಗುಡುಗುತ್ತದೆ. ನಾನು ಕಣ್ಣು ಮುಚ್ಚಿದ್ದೆ, ಒಪ್ಪಿಕೊಳ್ಳುತ್ತೇನೆ. ತೆರೆದಾಗ ಉಪ್ಪಿನಕಲ್ಲು ಇದ್ದ ಕಡೆ ಬಿಳಿ ಧೂಳು ತೇಲುತ್ತಿದೆ.

"ಕಂಡ್ತು," ಶಾರ್ಶೆನ್ ಅಂದದ್ದು ಇಷ್ಟೇ. "ಒಡೆದದ್ದು ಕಣ್ಣಾರೆ ಕಂಡ್ತು."

ಮೊಲ್ಡಾಲಿ ಅಜ್ಜ ಎರಡೂ ಕೈ ಎತ್ತಿ ಮುಖ ಸವರಿಕೊಳ್ಳುತ್ತಾರೆ. "ಹೂಂಂ... ಕುರಿ ಇಲ್ಲೇ ಇರ್ಲಿ. ಹೂಂಂ... ಒಡೆದ ಉಪ್ಪನ್ನ ಅವಕ್ಕೇ ಹಾಕಿ."

"ಬಂದೂಕಿನ ಬುಡಕ್ಕೆ ಹಳೇ ಬೂಟಿನ ಹಿಮ್ಮಡಿ ಹೊಡೆದು ಉದ್ದ ಮಾಡ್ತೀನಿ," ಉಮ್ಸುನೈ ಆಗಲೇ ಅಳತೆ ತೆಗೆಯುತ್ತಿದ್ದಾರೆ. "ನಾಳೆ ಬಾ. ಅಲ್ಲಿವರೆಗೂ ಕೋಟು ಬಿಚ್ಚಬೇಡ." ನನ್ನ ಕಡೆ ತಿರುಗಿ, "ಏನು ಬರೀತೀಯೋ ಬರಿ. ದುರ್ಬೀನು ಕೊಡೋವಾಗ ಮುಖಾನೂ ನೋಡಿ ಕೊಡ್ಬೇಕು ಅಂತ ಬರಿ. ಅಂಗಡಿಯವರು ಅದನ್ನ ನೋಡಲ್ಲ," ಎನ್ನುತ್ತಾರೆ. ಆ ದನಿಯಲ್ಲಿ ಅಳುಕು ಪೂರ್ತಿ ಹೋಗಿಲ್ಲ. ಕಣ್ಣು ಓರೆಯಾಗಿ ಶಾರ್ಶೆನ್ ಮೇಲೆಯೇ ಇದೆ.

ಬುರುಲ್ ಬಿಸಿನೀರು, ಬಟ್ಟೆ ತಂದು ಗಂಡನ ಮುಖಕ್ಕೆ ಕೈ ಹಾಕುತ್ತಾರೆ. ಶಾರ್ಶೆನ್ ಆ ಕೈ ತಡೆಯುತ್ತಾರೆ. "ಇರು, ಒರೆಸಬೇಡ. ಆ ತಟ್ಟೆ ತಾ."

ತಟ್ಟೆಯಲ್ಲಿ ತಮ್ಮ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿಕೊಳ್ಳುತ್ತಾರೆ. ಚಳಿಕೋಟು, ಬೆವರು, ಕೆನ್ನೆಯುದ್ದ ಹರಿದ ಮಸಿ. ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡು, ತಟ್ಟೆಯೊಳಗಿನ ಮನುಷ್ಯನಿಗೆ ಹೇಳುತ್ತಾರೆ: "ಅಳಬೇಡ್ರಮ್ಮಾ! ನಿಮ್ಮ ಕಣ್ಣೀರೇ ನನಗೆ..."

ಮುಂದಿನ ಶಬ್ದ ಬರಲಿಲ್ಲ. ಮೊದಲು ಮೂಗಿನಿಂದ ಒಂದು ಸದ್ದು, ಆಮೇಲೆ ಎದೆಯಿಂದ. ತಟ್ಟೆ ಕೈಜಾರಿ ಕಲ್ಲಿನ ಮೇಲೆ ಉರುಳುತ್ತದೆ. ಊರು ಇಷ್ಟು ಹೊತ್ತು ಬಾಯಿಗೆ ತುರುಕಿಕೊಂಡಿದ್ದ ನಗುವೆಲ್ಲ ಒಟ್ಟಿಗೇ ಹೊರಬೀಳುತ್ತದೆ. ಸೊಸೆಯಂದಿರು, ಗಂಡಸರು, ಹೂಂಂ ಎನ್ನುವುದನ್ನೇ ಮರೆತ ಮೊಲ್ಡಾಲಿ ಅಜ್ಜ, ಕಣ್ಣೊರೆಸಿಕೊಳ್ಳುತ್ತಿರುವ ಉಮ್ಸುನೈ.

"ಹೀಗೇ ಹೋಗ್ತೀನಿ ಮಂದೆಗೆ," ಶಾರ್ಶೆನ್ ಕುರ್ದಾಶ್‌ಳ ಭುಜಕ್ಕೆ ಜೋತುಬಿದ್ದು ಏದುತ್ತಾರೆ. "ತೋಳ ನೋಡಿ ನಕ್ಕು ಸಾಯ್ಲಿ. ಗುಂಡು ಉಳಿಯುತ್ತೆ!"

ಹೇಳಿ, ಹೊಟ್ಟೆ ಹಿಡಿದುಕೊಂಡು ಕಂಬಳಿಯ ಮೇಲೆ ಕುಸಿಯುತ್ತಾರೆ. ಮೇಯುತ್ತಿದ್ದ ಕುದುರೆಗಳು ತಲೆಯೆತ್ತಿ ನೋಡುವಷ್ಟು ಜೋರಾದ ಆ ಗದ್ದಲದಲ್ಲಿ ಎಲ್ಲರ ದನಿಯನ್ನೂ ಮೀರಿ ಕೇಳುತ್ತಿರುವುದು ಚಳಿಕೋಟಿನೊಳಗಿನ ಆ ಒಬ್ಬರ ನಗು.